ಎರಡೂ ಸ್ಪ್ರಿಂಗ್ 30 ನ್ಯೂಟನ್, ಆದರೆ ಎರಡೂ ಒಂದೇ ಅಲ್ಲ

ಪ್ರಶ್ನೆ: ನಮಸ್ಕಾರ ಸರ್. ನಾನು ಬೆಳಗಾವಿಯ ಟಿಳಕವಾಡಿಯವನು. ನನ್ನದು ಫೋಕ್ಸ್‌ವ್ಯಾಗನ್ ಪೊಲೊ ಜಿಟಿ ಟಿಎಸ್‌ಐ, 62 ಸಾವಿರ ಕಿಲೋಮೀಟರ್ ಓಡಿದೆ. ತಿಂಗಳಿಗೆ ಒಂದೆರಡು ಸಲ ಚೋರ್ಲಾ ಘಾಟ್ ಮೇಲೆ ಗೋವಾ ಕಡೆ ಹೋಗುತ್ತೇನೆ. ತಿಂಗಳಿಗೊಮ್ಮೆ ಅಪ್ಪ, ಅವ್ವ, ಹೆಂಡತಿ ಜೊತೆ ಯರಗಟ್ಟಿ, ಲೋಕಾಪುರ ಹಾದು ಮುಧೋಳಕ್ಕೆ ಹೋಗುತ್ತೇನೆ. ತಿರುವಿನಲ್ಲಿ ಗಾಡಿ ವಾಲುತ್ತದೆ. ಮುಧೋಳದ ದಾರಿಯ ಅಲೆ ಅಲೆ ರಸ್ತೆಯಲ್ಲಿ ತೇಲಿದ ಹಾಗೆ ಆಗುತ್ತದೆ. ನನ್ನ ಮುಂದೆ ಮೂರು ದಾರಿ ಇವೆ. ಒಂದು, ಗಾಡಿಯನ್ನು 35 ಮಿ.ಮೀ. ಇಳಿಸುವ ಲೋವರಿಂಗ್ ಸ್ಪ್ರಿಂಗ್, ಮುಂದಿನದು ಮಿಲಿಮೀಟರ್‌ಗೆ 30 ನ್ಯೂಟನ್. ಎರಡು, ಸ್ಪ್ರಿಂಗ್, ಶಾಕಪ್ (ಶಾಕ್ ಅಬ್ಸಾರ್ಬರ್) ಒಟ್ಟಿಗೆ ಬರುವ ಕಾಯಿಲೋವರ್ ಕಿಟ್, ಮುಂದೆ 6 ಕೆ.ಜಿ., ಹಿಂದೆ 4 ಕೆ.ಜಿ. ಮೂರು, ಈಗಿರುವ ಸ್ಪ್ರಿಂಗ್‌ನ ಒಂದು ಸುತ್ತು ಕತ್ತರಿಸುವುದು. "ಅದೂ 30 ನ್ಯೂಟನ್ನೇ ಆಗುತ್ತದೆ, ದುಡ್ಡು ಯಾಕೆ ಹಾಳು" ಅಂತ ನಮ್ಮ ಮೆಕ್ಯಾನಿಕ್ ಹೇಳುತ್ತಾರೆ. ಯಾವ ಗಟ್ಟಿತನ ಸರಿ?

ಉತ್ತರ: ನಿಮ್ಮ ಮೆಕ್ಯಾನಿಕ್ ಮಾಡಿದ ಲೆಕ್ಕ ಸರಿ ಇದೆ. ಆದರೂ ಆ ಕೆಲಸ ಮಾಡಿಸಬೇಡಿ. ಈ ಎರಡು ಮಾತಿನ ನಡುವೆ ಏನಿದೆ ಅಂತ ಬಿಡಿಸಿ ಹೇಳಿದರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕ ಹಾಗೆ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಕಾಯಿಲ್ ಸ್ಪ್ರಿಂಗ್ ಅಂದರೆ ಸುತ್ತಿಟ್ಟ ಉಕ್ಕಿನ ತಂತಿ. ಅದನ್ನು ಒತ್ತಿದಾಗ ತಂತಿ ತಿರುಚಿಕೊಳ್ಳುತ್ತದೆ. ಎಷ್ಟು ಗಟ್ಟಿ ಅನ್ನುವುದು ಮೂರು ಅಳತೆಗಳ ಮೇಲೆ ನಿಂತಿದೆ: ತಂತಿಯ ದಪ್ಪ, ಸುತ್ತಿನ ಅಗಲ, ಕೆಲಸ ಮಾಡುವ ಸುತ್ತುಗಳ ಸಂಖ್ಯೆ. ಇದರಲ್ಲಿ ದಪ್ಪದ ಕೈ ದೊಡ್ಡದು, ಅದು ನಾಲ್ಕನೇ ಘಾತದಲ್ಲಿ ಏರುತ್ತದೆ. ಅಗಲ ಹೆಚ್ಚಾದರೆ ಗಟ್ಟಿತನ ಮೂರನೇ ಘಾತದಲ್ಲಿ ಇಳಿಯುತ್ತದೆ. ಸುತ್ತು ಕಡಿಮೆ ಆದಷ್ಟೂ ಸ್ಪ್ರಿಂಗ್ ಗಟ್ಟಿ.

ಒಂದು ಉದಾಹರಣೆ ಹಿಡಿಯೋಣ. ಇದು ಪೊಲೊದ ಕಂಪನಿ ಅಂಕಿ ಅಲ್ಲ, ಆ ತೂಕದ ಕಾರಿಗೆ ಹೊಂದುವ ಅಳತೆ ಅಷ್ಟೇ. ತಂತಿ 12 ಮಿ.ಮೀ., ಸುತ್ತಿನ ಸರಾಸರಿ ಅಗಲ 125 ಮಿ.ಮೀ., ಕೆಲಸ ಮಾಡುವ ಸುತ್ತು ನಾಲ್ಕೂವರೆ. ಸ್ಪ್ರಿಂಗ್ ಉಕ್ಕಿನ ಲೆಕ್ಕ ಹಾಕಿದರೆ ಮಿಲಿಮೀಟರ್‌ಗೆ 23.3 ನ್ಯೂಟನ್ ಬರುತ್ತದೆ. ಅಂದರೆ ಒಂದು ಮಿಲಿಮೀಟರ್ ಕುಗ್ಗಿಸಲು ಸುಮಾರು 2.4 ಕೆ.ಜಿ. ಭಾರ ಬೇಕು. ಈಗ ಒಂದು ಸುತ್ತು ಕತ್ತರಿಸಿ. ಮೂರೂವರೆ ಸುತ್ತು ಉಳಿಯಿತು, ಗಟ್ಟಿತನ 30 ನ್ಯೂಟನ್ ಆಯಿತು. ಮೆಕ್ಯಾನಿಕ್ ಹೇಳಿದ್ದೂ ಇದನ್ನೇ. ಕತ್ತರಿಸದೆ ತಂತಿಯನ್ನು 12ರಿಂದ 13 ಮಿ.ಮೀ.ಗೆ ಏರಿಸಿದ್ದರೆ 32 ಆಗುತ್ತಿತ್ತು. ಒಂದೇ ಒಂದು ಮಿಲಿಮೀಟರ್‌ಗೆ ಶೇ. 38 ಗಟ್ಟಿ! ಕಣ್ಣಿಗೆ ಎರಡೂ ಸ್ಪ್ರಿಂಗ್ ಒಂದೇ ತರಹ ಕಾಣುತ್ತವೆ. ಅದಕ್ಕೇ ಅಂಗಡಿಯಲ್ಲಿ ಬರಿಗಣ್ಣಿಂದ ನೋಡಿ "ಇದು ಗಟ್ಟಿ ಐತಿ" ಅನ್ನುವ ಮಾತನ್ನು ನಂಬಬೇಡಿ. ವರ್ನಿಯರ್ ಹಿಡಿದು ಅಳೆಯಿರಿ.

ಹಾಗಾದರೆ ಕತ್ತರಿಸಿದರೆ ಏನು ತಪ್ಪು? ಕತ್ತರಿಸಿದ ಸುತ್ತಿನ ಜೊತೆ ಸ್ಪ್ರಿಂಗ್‌ನ ಉದ್ದವೂ ಹೋಗುತ್ತದೆ. ಒಂದು ಸುತ್ತಿಗೆ 60 ಮಿ.ಮೀ. ಹಿಡಿಯಿರಿ. ಮುಂದಿನ ಒಂದು ಮೂಲೆಯ ಭಾರ 325 ಕೆ.ಜಿ. ಅಂದುಕೊಂಡರೆ ಹಳೆಯ ಸ್ಪ್ರಿಂಗ್ ಗಾಡಿ ನಿಂತಾಗ 137 ಮಿ.ಮೀ. ಕುಗ್ಗಿರುತ್ತದೆ. ಕತ್ತರಿಸಿದ್ದು ಗಟ್ಟಿ ಆದ್ದರಿಂದ 106 ಮಾತ್ರ ಕುಗ್ಗುತ್ತದೆ. ಒಟ್ಟಿನಲ್ಲಿ ಗಾಡಿ 29 ಮಿ.ಮೀ. ಇಳಿಯುತ್ತದೆ. ಈಗ ದೊಡ್ಡ ತಗ್ಗಿನಲ್ಲಿ ಚಕ್ರ ಕೆಳಗೆ ಜೋತು ಬೀಳುತ್ತದೆ ಅಂದುಕೊಳ್ಳಿ. ಮೊದಲು ಕೆಳಗೆ ಇಳಿಯಲು 90 ಮಿ.ಮೀ. ಜಾಗ ಇತ್ತು, ಈಗ 119 ಇದೆ. ಆದರೆ ಸ್ಪ್ರಿಂಗ್ ಕುಗ್ಗಿರುವುದೇ 106. ಚಕ್ರ ಪೂರ್ತಿ ಇಳಿದಾಗ ಸ್ಪ್ರಿಂಗ್ ಸಡಿಲ ಆಗಿ ತನ್ನ ತಟ್ಟೆಯಲ್ಲೇ ಕದಲುತ್ತದೆ. ಮತ್ತೆ ಭಾರ ಬಿದ್ದಾಗ ಅದು ಸರಿಯಾದ ಜಾಗದಲ್ಲೇ ಕೂರುತ್ತದೆ ಅನ್ನುವ ಖಾತ್ರಿ ಇಲ್ಲ. ತಳದ ತಟ್ಟೆಯನ್ನು ಮಾಡಿರುವುದು ಮೂಲ ಸ್ಪ್ರಿಂಗ್‌ನ ಕೊನೆಯ ಸುತ್ತು ಕೂರುವ ಹಾಗೆ. ಕತ್ತರಿಸಿದ ಚೂಪು ತುದಿ ಅಲ್ಲಿ ಸರಿಯಾಗಿ ಕೂರುವುದಿಲ್ಲ, ಒಂದೇ ಕಡೆ ಒತ್ತಿ ಬಿರುಕು ಬಿಡುತ್ತದೆ. ಕೆಲವರು ಗ್ಯಾಸ್ ಕಟರ್‌ನಲ್ಲಿ ಕಾಯಿಸಿ ಸ್ಪ್ರಿಂಗ್ ಕೂರಿಸುತ್ತಾರೆ. ಅದು ಇನ್ನೂ ಕೆಟ್ಟದ್ದು, ಉಕ್ಕಿನ ಹದವೇ ಹೋಗುತ್ತದೆ. ಘಾಟ್ ಇಳಿಯುವ ಕಾರಿನಲ್ಲಿ ಈ ಕೆಲಸ ಆಗಬಾರದು. ಮೂರನೇ ದಾರಿಯನ್ನು ಇಲ್ಲಿಗೇ ಬಿಟ್ಟುಬಿಡಿ.

ಈಗ ಉಳಿದ ಎರಡನ್ನು ಹೋಲಿಸೋಣ. ಒಬ್ಬರು ನ್ಯೂಟನ್‌ನಲ್ಲಿ ಹೇಳಿದ್ದಾರೆ, ಇನ್ನೊಬ್ಬರು ಕೆ.ಜಿ.ಯಲ್ಲಿ. ಜಪಾನಿನ ಕಿಟ್‌ಗಳಲ್ಲಿ ಮಿಲಿಮೀಟರ್‌ಗೆ ಇಷ್ಟು ಕೆ.ಜಿ. ಅಂತ ಇರುತ್ತದೆ. ಯುರೋಪಿನವರು ನ್ಯೂಟನ್ ಬರೆಯುತ್ತಾರೆ. ಅಮೆರಿಕದವರು ಇಂಚಿಗೆ ಇಷ್ಟು ಪೌಂಡ್ ಅನ್ನುತ್ತಾರೆ. ಒಂದು ಕೆ.ಜಿ. ಅಂದರೆ 9.81 ನ್ಯೂಟನ್, ಅಂದರೆ ಇಂಚಿಗೆ 56 ಪೌಂಡ್. ಹಾಗಾಗಿ 3 ಕೆ.ಜಿ., 30 ನ್ಯೂಟನ್, 170 ಪೌಂಡ್ ಎಲ್ಲವೂ ಹೆಚ್ಚು ಕಡಿಮೆ ಒಂದೇ. ನಿಮ್ಮ 6 ಕೆ.ಜಿ. ಅಂದರೆ 58.9 ನ್ಯೂಟನ್. ಮೂಲ ಸ್ಪ್ರಿಂಗ್‌ಗಿಂತ ಎರಡೂವರೆ ಪಟ್ಟು. ಅಂಗಡಿಯಲ್ಲಿ "ಬರೀ ಆರು" ಅಂದಾಗ ಚಿಕ್ಕದಾಗಿ ಕೇಳುತ್ತದೆ, ಅಲ್ವಾ?

ಆದರೆ ಸ್ಪ್ರಿಂಗ್‌ನ ಗಟ್ಟಿತನ ಚಕ್ರಕ್ಕೆ ಹಾಗೇ ಸಿಗುವುದಿಲ್ಲ. ಸ್ಪ್ರಿಂಗ್ ಚಕ್ರಕ್ಕಿಂತ ಒಳಗೆ ಕೂತಿರುತ್ತದೆ. ಚಕ್ರ 10 ಮಿ.ಮೀ. ಏರಿದಾಗ ಸ್ಪ್ರಿಂಗ್ 9.5 ಮಾತ್ರ ಕುಗ್ಗಬಹುದು. ಈ ಅನುಪಾತದ ವರ್ಗವನ್ನು ಗುಣಿಸಿದರೆ ಚಕ್ರಕ್ಕೆ ಸಿಗುವ ಗಟ್ಟಿತನ ಬರುತ್ತದೆ. ಪೊಲೊದ ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ ಇದೆ, ಅಂದರೆ ಸ್ಪ್ರಿಂಗ್, ಶಾಕಪ್ ಎರಡೂ ಒಂದೇ ಕಂಬದಲ್ಲಿ. ಅಲ್ಲಿ 0.95 ಹಿಡಿದರೆ ಶೇ. 90 ಸಿಗುತ್ತದೆ. ಹಿಂದೆ ಟ್ವಿಸ್ಟ್ ಬೀಮ್ ಇದೆ, ಅಂದರೆ ಎರಡು ಚಕ್ರಗಳನ್ನು ಜೋಡಿಸುವ, ತಿರುಚಿಕೊಳ್ಳುವ ಅಡ್ಡ ತೊಲೆ. ಅಲ್ಲಿ ಸ್ಪ್ರಿಂಗ್ ಬೇರೆ, ಶಾಕಪ್ ಬೇರೆ, ಸ್ಪ್ರಿಂಗ್ ಚಕ್ರದ ಗೆರೆಗಿಂತ ಮುಂದೆ ಕೂತಿದೆ. ಅಲ್ಲಿ 0.8 ಹಿಡಿದರೆ ಸಿಗುವುದು ಶೇ. 64 ಮಾತ್ರ. ಅಂದರೆ ಮುಂದಿನ 4 ಕೆ.ಜಿ. ಬೇರೆ, ಹಿಂದಿನ 4 ಕೆ.ಜಿ. ಬೇರೆ.

ಹಾಗಾಗಿ ಎರಡು ಕಾರುಗಳ ಸ್ಪ್ರಿಂಗ್ ಹೋಲಿಸುವಾಗ, ಅಥವಾ ಒಂದೇ ಕಾರಿನ ಮುಂದಿನದು ಹಿಂದಿನದು ಹೋಲಿಸುವಾಗ, ಪೆಟ್ಟಿಗೆ ಮೇಲಿನ ಅಂಕಿ ಬಿಟ್ಟುಬಿಡಿ. ಆ ಮೂಲೆ ಸೆಕೆಂಡಿಗೆ ಎಷ್ಟು ಸಲ ಮೇಲೆ ಕೆಳಗೆ ಆಡುತ್ತದೆ ಅನ್ನುವುದನ್ನು ಹೋಲಿಸಿ. ಚಕ್ರಕ್ಕೆ ಸಿಗುವ ಗಟ್ಟಿತನವನ್ನು ಅದು ಹೊತ್ತ ತೂಕದಿಂದ ಭಾಗಿಸಿ, ವರ್ಗಮೂಲ ತೆಗೆದು, 6.28ರಿಂದ ಭಾಗಿಸಿದರೆ ಅದು ಸಿಗುತ್ತದೆ. ಗಟ್ಟಿತನವನ್ನು ಮೀಟರ್‌ಗೆ ಇಷ್ಟು ನ್ಯೂಟನ್ ಅಂತ ಬರೆದುಕೊಳ್ಳಬೇಕು, ಅದನ್ನು ಮರೆಯಬೇಡಿ. ಮನೆಮಂದಿ ಓಡಾಡುವ ಕಾರುಗಳು ಸಾಮಾನ್ಯವಾಗಿ 1ರಿಂದ 1.5 ಹರ್ಟ್ಜ್ (ಸೆಕೆಂಡಿಗೆ ಅಷ್ಟು ಸಲ) ಒಳಗೆ ಇರುತ್ತವೆ. ಚುರುಕು ಕಾರು 1.5ರಿಂದ 2. ಅದರ ಮೇಲೆ ರೇಸ್ ಟ್ರ್ಯಾಕಿನ ಲೋಕ.

ನಿಮ್ಮ ಕಾರಿಗೆ ಲೆಕ್ಕ ಹಾಕಿ ನೋಡಿದೆ. ಇಬ್ಬರು ಕೂತಾಗ ಮುಂದಿನ ಮೂಲೆಯಲ್ಲಿ ಸ್ಪ್ರಿಂಗ್ ಹೊತ್ತ ತೂಕ 325 ಕೆ.ಜಿ., ಹಿಂದೆ 207 ಕೆ.ಜಿ. ಅಂತ ಹಿಡಿದೆ. ಹಾಗಾದರೆ ಮುಂದೆ ಮೂಲ ಸ್ಪ್ರಿಂಗ್‌ಗೆ 1.28 ಹರ್ಟ್ಜ್ ಬರುತ್ತದೆ. 30 ನ್ಯೂಟನ್ನಿನದಕ್ಕೆ 1.45. ಕಾಯಿಲೋವರ್‌ಗೆ 2.03. ಇನ್ನು ಅದೇ ಕಿಟ್‌ನ ಹಿಂದಿನ 4 ಕೆ.ಜಿ. ನೋಡಿ: 1.75 ಬರುತ್ತದೆ. ನಾಲ್ಕು ಜನ ಕೂತು ಡಿಕ್ಕಿಯಲ್ಲಿ ಚೀಲ ಇಟ್ಟರೆ 1.5ರ ಹತ್ತಿರ ಇಳಿಯುತ್ತದೆ.

ಇದರಲ್ಲಿ ನನಗೆ ಎದ್ದು ಕಾಣುವ ಕೊರತೆ ಒಂದಿದೆ. ಮುಂದೆ 2, ಹಿಂದೆ 1.75. ಹಿಂದಿನದು ನಿಧಾನ. ಇದು ತಲೆಕೆಳಗಾದ ಜೋಡಿ. 1930ರ ದಶಕದಲ್ಲಿ ಜನರಲ್ ಮೋಟರ್ಸ್‌ನಲ್ಲಿದ್ದ ಮಾರಿಸ್ ಓಲಿ ಎಂಬ ಎಂಜಿನಿಯರ್ ಒಂದು ಮಾತು ಕಂಡುಕೊಂಡರು: ಹಿಂದಿನ ಸ್ಪ್ರಿಂಗ್ ಮುಂದಿನದಕ್ಕಿಂತ ಸ್ವಲ್ಪ ಬೇಗ ಆಡಬೇಕು. ಕಾರಣ ಸರಳ. ಉಬ್ಬನ್ನು ಮೊದಲು ಮುಂದಿನ ಚಕ್ರ ಹತ್ತುತ್ತದೆ. 80 ಕಿ.ಮೀ. ವೇಗದಲ್ಲಿ ನಿಮ್ಮ ಎರಡೂವರೆ ಮೀಟರ್ ಉದ್ದದ ವೀಲ್‌ಬೇಸ್ ದಾಟಿ ಹಿಂದಿನ ಚಕ್ರ ಅಲ್ಲಿಗೆ ಬರಲು ಸೆಕೆಂಡಿನ ಹತ್ತನೇ ಒಂದು ಭಾಗ ಬೇಕು. ತಡವಾಗಿ ಶುರು ಮಾಡಿದ ಹಿಂಭಾಗ ಸ್ವಲ್ಪ ಬೇಗ ಆಡಿದರೆ ಮುಂದಿನದರ ಜೊತೆ ಕೂಡಿಕೊಳ್ಳುತ್ತದೆ. ಆಗ ಗಾಡಿ ಸಮತಲವಾಗಿ ಏರಿ ಇಳಿಯುತ್ತದೆ. ಇಲ್ಲದಿದ್ದರೆ ತೊಟ್ಟಿಲ ಹಾಗೆ ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ತೂಗುತ್ತದೆ. ಹಿಂದೆ ಕೂತ ನಿಮ್ಮ ಅವ್ವನಿಗೆ ಕುತ್ತಿಗೆ ನೋವು ಬರುವುದು ಈ ತೂಗಾಟದಿಂದ.

ಮುಧೋಳದ ದಾರಿಗೆ ಬರೋಣ. ಬಾಗಲಕೋಟೆ, ವಿಜಯಪುರ ಕಡೆ ಎರೆ ಭೂಮಿ. ಆ ಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಕುಗ್ಗುತ್ತದೆ. ಮೇಲಿನ ಡಾಂಬರು ಎಷ್ಟೇ ನುಣುಪಾಗಿದ್ದರೂ ರಸ್ತೆ ಉದ್ದನೆಯ ಅಲೆಗಳಾಗಿ ಏಳುತ್ತದೆ. ಅದರ ಮೇಲೆ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆಯುವ ಕಬ್ಬಿನ ಟ್ರ್ಯಾಕ್ಟರ್‌ಗಳು ಓಡಾಡುತ್ತವೆ. ಈಗ ಲೆಕ್ಕ ನೋಡಿ. 80 ಕಿ.ಮೀ. ವೇಗ ಅಂದರೆ ಸೆಕೆಂಡಿಗೆ 22 ಮೀಟರ್. ಅಲೆಯಿಂದ ಅಲೆಗೆ 17 ಮೀಟರ್ ಇದ್ದರೆ ಕಾರಿಗೆ ಸೆಕೆಂಡಿಗೆ 1.3 ಸಲ ತಳ್ಳು ಸಿಗುತ್ತದೆ. ನಿಮ್ಮ ಮೂಲ ಸ್ಪ್ರಿಂಗ್ ಆಡುವ ವೇಗವೂ ಅದೇ! ಜೋಕಾಲಿಯನ್ನು ಸರಿಯಾದ ಹೊತ್ತಿಗೆ ತಳ್ಳಿದ ಹಾಗೆ ಆಗುತ್ತದೆ. ಸ್ಪ್ರಿಂಗ್ ಅನ್ನು 30ಕ್ಕೆ ಏರಿಸಿದರೆ? 15 ಮೀಟರ್ ಅಲೆಗೆ ಅದೇ ಜೋಕಾಲಿ. ಅಲೆ ಬದಲಾಯಿತು, ತೇಲಾಟ ಹೋಗಲಿಲ್ಲ. ಜೋಕಾಲಿಯನ್ನು ಹಿಡಿದು ನಿಲ್ಲಿಸುವುದು ಸ್ಪ್ರಿಂಗ್ ಅಲ್ಲ. ಅದು ಶಾಕಪ್‌ನ ಕೆಲಸ.

ನಿಮ್ಮ ಗಾಡಿ 62 ಸಾವಿರ ಓಡಿದೆ ಅಂದಿರಿ. ನಮ್ಮ ರಸ್ತೆಗಳಲ್ಲಿ ಅಷ್ಟು ಓಡಿದ ಶಾಕಪ್ ಹೊಸದರ ಹಾಗೆ ಹಿಡಿಯುವುದಿಲ್ಲ. ಎಣ್ಣೆ ಸೋರದಿದ್ದರೂ ಒಳಗಿನ ವಾಲ್ವ್, ಸೀಲ್ ಸವೆದಿರುತ್ತವೆ. ನಿಧಾನವಾಗಿ ಸವೆಯುವುದರಿಂದ ಓಡಿಸುವವರಿಗೆ ಗೊತ್ತೇ ಆಗುವುದಿಲ್ಲ. ಅದಕ್ಕೇ ನಾನು ನಿಮ್ಮ ಎರಡು ದೂರನ್ನು ಬೇರೆ ಬೇರೆ ಇಡುತ್ತೇನೆ. ತೇಲುವುದು ಶಾಕಪ್‌ನ ದೂರು. ವಾಲುವುದು ಸ್ಪ್ರಿಂಗ್ ಮತ್ತು ಆಂಟಿ ರೋಲ್ ಬಾರ್‌ನ (ಎಡಬಲ ಚಕ್ರಗಳನ್ನು ಜೋಡಿಸಿ ವಾಲುವುದನ್ನು ತಡೆಯುವ ಸರಳು) ದೂರು. ಬಾರ್‌ನ ಲಿಂಕ್, ಬುಷ್ ಸವೆದಿದ್ದರೂ ವಾಲುತ್ತದೆ, ಅದನ್ನೂ ಒಮ್ಮೆ ನೋಡಿಸಿ.

ಸ್ಪ್ರಿಂಗ್ ಗಟ್ಟಿ ಮಾಡಿ ಹಳೆ ಶಾಕಪ್ ಇಟ್ಟರೆ ಇನ್ನೊಂದು ತೊಂದರೆ. ಗಟ್ಟಿ ಸ್ಪ್ರಿಂಗ್ ಜೋರಾಗಿ ಹಿಂದಕ್ಕೆ ಒದೆಯುತ್ತದೆ. ಅದನ್ನು ಹಿಡಿಯಲು ಜಾಸ್ತಿ ಬಲದ ಶಾಕಪ್ ಬೇಕು. 23.3ರಿಂದ 30ಕ್ಕೆ ಹೋದರೆ ಅದೇ ಶಾಕಪ್‌ನ ಹಿಡಿತ ಲೆಕ್ಕದ ಪ್ರಕಾರ ಶೇ. 12 ಕಡಿಮೆ ಆಗುತ್ತದೆ. ಹೊಸ ಶಾಕಪ್ ಆದರೆ ಇದನ್ನು ತಾಳಿಕೊಳ್ಳುತ್ತದೆ. ಸವೆದದ್ದಕ್ಕೆ ಆಗುವುದಿಲ್ಲ. 6 ಕೆ.ಜಿ. ಸ್ಪ್ರಿಂಗ್ ಅನ್ನು ಮೂಲ ಶಾಕಪ್ ಮೇಲೆ ಕೂರಿಸಿದರೆ ಹಿಡಿತ ಶೇ. 37 ಬೀಳುತ್ತದೆ. ಕಾಯಿಲೋವರ್ ಕಿಟ್‌ನಲ್ಲಿ ಅದರದೇ ಶಾಕಪ್ ಬರುತ್ತದೆ, ಹಾಗಾಗಿ ಅಲ್ಲಿ ಈ ತೊಂದರೆ ಇಲ್ಲ. ಅಗ್ಗದ ಕಿಟ್‌ಗಳಲ್ಲಿ ಆ ಶಾಕಪ್ ಎಷ್ಟು ಕಾಲ ಬಾಳುತ್ತದೆ ಅನ್ನುವುದು ಬೇರೆ ಮಾತು.

ಇಷ್ಟಾದ ಮೇಲೆ ನಿಮಗೆ ನಾನು ಹೇಳಬೇಕಾದ ಮುಖ್ಯ ಮಾತಿಗೆ ಬರುತ್ತೇನೆ. ನಮ್ಮ ರಸ್ತೆಗಳಲ್ಲಿ ಗಾಡಿ ಹಾಳಾಗುವುದು ಸ್ಪ್ರಿಂಗ್ ಗಟ್ಟಿ ಆಗಿದ್ದರಿಂದಲ್ಲ. ಚಕ್ರಕ್ಕೆ ಮೇಲೆ ಏರಲು ಜಾಗ ಉಳಿಯದೇ ಇದ್ದದ್ದರಿಂದ.

ಮೂಲ ಎತ್ತರದಲ್ಲಿ ಚಕ್ರಕ್ಕೆ ಮೇಲೆ ಏರಲು 80 ಮಿ.ಮೀ. ಜಾಗ ಇದೆ ಅಂದುಕೊಳ್ಳಿ. ಒಂದು ಕೆಟ್ಟ ಉಬ್ಬು ಮೂಲ ಸ್ಪ್ರಿಂಗ್‌ನಲ್ಲಿ ಆ 80 ಅನ್ನೂ ಬಳಸುತ್ತದೆ. 30 ನ್ಯೂಟನ್ ಸ್ಪ್ರಿಂಗ್ ಆದರೆ ಅದೇ ಉಬ್ಬಿಗೆ 70 ಮಿ.ಮೀ. ಬೇಕು. ಗಟ್ಟಿ ಮಾಡಿದ್ದರಿಂದ ಉಳಿದದ್ದು 10 ಮಿ.ಮೀ. ಮಾತ್ರ. ಆದರೆ ನೀವು ಗಾಡಿಯನ್ನು 35 ಮಿ.ಮೀ. ಇಳಿಸಿದ್ದೀರಿ, ಉಳಿದ ಜಾಗ 45. ಬೇಕಾದದ್ದು 70, ಇರುವುದು 45. ಉಳಿದ 25 ಮಿ.ಮೀ. ಏಟನ್ನು ಯಾರು ತಿನ್ನುತ್ತಾರೆ? ಚಕ್ರ ಪೂರ್ತಿ ಏರಿದಾಗ ತಡೆಯುವ ಬಂಪ್ ರಬ್ಬರ್, ಸ್ಟ್ರಟ್ ಅನ್ನು ಬಾಡಿಗೆ ಜೋಡಿಸುವ ಸ್ಟ್ರಟ್ ಮೌಂಟ್, ಕೊನೆಗೆ ಕಾರಿನ ಬಾಡಿ. 45 ಮಿ.ಮೀ. ಒಳಗೇ ಆ ಏಟನ್ನು ಮುಗಿಸಬೇಕಾದರೆ ಸ್ಪ್ರಿಂಗ್ ಮೂರು ಪಟ್ಟಿಗಿಂತ ಜಾಸ್ತಿ ಗಟ್ಟಿ ಇರಬೇಕು. ಯಾವ ಲೋವರಿಂಗ್ ಸ್ಪ್ರಿಂಗೂ ಹಾಗೆ ಇರುವುದಿಲ್ಲ, ಇದ್ದರೆ ಯಾರೂ ಕೂರುವುದಿಲ್ಲ. "ಲೋವರಿಂಗ್ ಸ್ಪ್ರಿಂಗ್ ಹಾಕಿಸಿದ ಮೇಲೆ ಗಾಡಿ ಕಲ್ಲಿನ ಹಾಗೆ ಆಯಿತು" ಅಂತ ಜನ ಬರುತ್ತಾರೆ. ಸ್ಪ್ರಿಂಗ್ ಕಲ್ಲಾಗಿರುವುದಿಲ್ಲ. ಅವರು ರಬ್ಬರ್ ಮೇಲೆ ಓಡಾಡುತ್ತಿರುತ್ತಾರೆ.

ಹಂಪ್‌ಗಳ ವಿಷಯವೂ ಹಾಗೆಯೇ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿಯ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಇರಬೇಕು. ಗಂಟೆಗೆ 25 ಕಿ.ಮೀ. ವೇಗದಲ್ಲಿ ಆರಾಮಾಗಿ ದಾಟುವ ಹಾಗೆ ಆ ಅಳತೆ ಮಾಡಿದ್ದಾರೆ. ಊರ ಮುಂದೆ ರಾತ್ರೋರಾತ್ರಿ ಏಳುವ ಹಂಪ್‌ಗಳನ್ನು ನೀವೇ ನೋಡಿದ್ದೀರಿ. ಎತ್ತರ ಅಷ್ಟೇ ಇರಬಹುದು, ಅಗಲ ಒಂದು ಹೆಜ್ಜೆ. ನಾಲ್ಕು ಜನ ಕೂತ ಪೊಲೊ 35 ಮಿ.ಮೀ. ಇಳಿದಿದ್ದರೆ ಅಲ್ಲಿ ಎಂಜಿನ್ ತಳ ಕಾಯುವ ಚೇಂಬರ್ ಗಾರ್ಡ್ ಕೆರೆದುಕೊಂಡೇ ದಾಟಬೇಕು.

ಇಳಿಸಿದರೆ ವಾಲುವುದು ಕಡಿಮೆ ಆಗುತ್ತದೆ ಅನ್ನುವುದೂ ಪೂರ್ತಿ ನಿಜ ಅಲ್ಲ. ಮ್ಯಾಕ್‌ಫರ್ಸನ್ ಸ್ಟ್ರಟ್‌ನಲ್ಲಿ ಗಾಡಿ ಇಳಿದ ಹಾಗೆ ಚಕ್ರವನ್ನು ಕೆಳಗಿಂದ ಹಿಡಿದಿರುವ ಲೋವರ್ ಆರ್ಮ್‌ನ ಹೊರತುದಿ ಒಳತುದಿಗಿಂತ ಮೇಲೆ ಬರುತ್ತದೆ. ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೋ ಆ ಬಿಂದು ಗಾಡಿಗಿಂತ ಬೇಗ ಕೆಳಗೆ ಹೋಗುತ್ತದೆ. ಭಾರದ ಕೇಂದ್ರಕ್ಕೂ ಆ ಬಿಂದುವಿಗೂ ದೂರ ಹೆಚ್ಚಾದರೆ ವಾಲಿಸುವ ಬಲವೂ ಹೆಚ್ಚುತ್ತದೆ. ಕೊಂಡ ಗಟ್ಟಿತನದ ಒಂದು ಭಾಗ ಇದನ್ನು ತುಂಬಲಿಕ್ಕೇ ಖರ್ಚಾಗುತ್ತದೆ. ಜೊತೆಗೆ ತಿರುವಿನಲ್ಲಿ ಹೊರಗಿನ ಮುಂದಿನ ಟೈರ್ ನೆಟ್ಟಗೆ ನಿಲ್ಲುವುದೂ ಕಷ್ಟವಾಗುತ್ತದೆ. 15 ಮಿ.ಮೀ. ಇಳಿಸಿದಾಗ ಇದು ಅಷ್ಟಾಗಿ ಕಾಣುವುದಿಲ್ಲ. 35ಕ್ಕೆ ಚೆನ್ನಾಗಿ ಗೊತ್ತಾಗುತ್ತದೆ.

ಹಾಟ್ ಹ್ಯಾಚ್, ಅಂದರೆ ಚುರುಕು ಹ್ಯಾಚ್‌ಬ್ಯಾಕ್ ಮಾಡುವ ಕಂಪನಿಗಳಿಗೂ ಇದು ಗೊತ್ತು. 2018ರ ರೆನೊ ಮೆಗಾನ್ ಆರ್‌ಎಸ್ ನೋಡಿ. ನಾಲ್ಕೂ ಶಾಕಪ್‌ಗಳ ಕೊನೆಯಲ್ಲಿ ರಬ್ಬರ್ ಬದಲು ಎಣ್ಣೆ ತುಂಬಿದ ಇನ್ನೊಂದು ಪುಟ್ಟ ಶಾಕಪ್ ಇಟ್ಟರು. ಚಕ್ರ ಕೊನೆಗೆ ಬಂದಾಗ ಅದು ಮೆಲ್ಲಗೆ ಹಿಡಿಯುತ್ತದೆ, ರಬ್ಬರ್ ಹಾಗೆ ಒದೆಯುವುದಿಲ್ಲ. ಅಷ್ಟು ಚುರುಕಾದ ಕಾರಿನಲ್ಲೂ ಸ್ಪ್ರಿಂಗ್ ಗಟ್ಟಿ ಮಾಡಿ ಬಿಡಲಿಲ್ಲ. ಜಾಗದ ಕೊನೆಯ ಭಾಗವನ್ನು ಕಾಯುವುದಕ್ಕೆ ಅಷ್ಟು ಖರ್ಚು ಮಾಡಿದರು. ನನಗೆ ಬಹಳ ಇಷ್ಟವಾದ ಕೆಲಸ ಅದು.

ಇನ್ನು ಚೋರ್ಲಾ. ಅಲ್ಲಿನ ಕಥೆ ಬೇರೆ. ಜಾಂಬೋಟಿ ದಾಟಿ ಕಣಕುಂಬಿ ಕಡೆ ಹೋದರೆ ಮಳೆ ಜೋರು. ಡಾಂಬರಿನ ಅಂಚು ಕಿತ್ತು ಸಣ್ಣ, ಚೂಪಾದ ತಗ್ಗುಗಳು ಬೀಳುತ್ತವೆ. ಎರೆ ಭೂಮಿಯ ಉದ್ದ ಅಲೆ ಇಲ್ಲಿಲ್ಲ. ತಿರುವಿನಲ್ಲಿ ಹೊರಗಿನ ಟೈರ್ ಅಂಥ ತಗ್ಗಿಗೆ ಬಿದ್ದಾಗ ಗಟ್ಟಿ ಸ್ಪ್ರಿಂಗ್ ಚಕ್ರವನ್ನು ಬೇಗ ಕೆಳಗೆ ಕಳಿಸಿದರೂ ಅಷ್ಟೇ ಬೇಗ ಮೇಲೆ ಎಗರಿಸುತ್ತದೆ. ಟೈರ್ ನೆಲ ಬಿಟ್ಟ ಆ ಕ್ಷಣಕ್ಕೆ ಹಿಡಿತ ಇಲ್ಲ. ಒದ್ದೆ ರಸ್ತೆಯಲ್ಲಿ ಕಾರು ಅರ್ಧ ಅಡಿ ಹೊರಗೆ ಜಾರುತ್ತದೆ. ಘಾಟ್‌ನಲ್ಲಿ ಅರ್ಧ ಅಡಿ ಅಂದರೆ ಎದುರಿನ ಟ್ರಕ್ಕಿಗೂ ನಿಮಗೂ ಇರುವ ಅಂತರ.

ಇದನ್ನು ನಾನು ಓದಿ ಹೇಳುತ್ತಿಲ್ಲ. ಹಲವು ವರ್ಷಗಳ ಹಿಂದೆ ನನ್ನ ಹಳೆಯ ಹ್ಯಾಚ್‌ಬ್ಯಾಕ್‌ಗೆ ಒಂದು ಅಂಗಡಿಯಲ್ಲಿ ಹಿಂದೆ ಮಾತ್ರ ಬಹಳ ಗಟ್ಟಿ ಸ್ಪ್ರಿಂಗ್ ಹಾಕಿಸಿದ್ದೆ. ಒಣ ರಸ್ತೆಯಲ್ಲಿ ಗಾಡಿ ಅದ್ಭುತವಾಗಿ ತಿರುಗುತ್ತಿತ್ತು. ಜುಲೈ ಮಳೆಯಲ್ಲಿ ಜಾಂಬೋಟಿ ರಸ್ತೆಯ ಒಂದು ತಿರುವಿಗೆ ಸ್ವಲ್ಪ ಜೋರಾಗಿ ಹೋದೆ. ಹೆದರಿ ಆ್ಯಕ್ಸಿಲರೇಟರ್ ಬಿಟ್ಟೆ. ಹಿಂಭಾಗ ನನಗಿಂತ ಮುಂದೆ ಹೋಗಲು ಬಂತು. ಎದುರಿಗೆ ಯಾವ ಗಾಡಿಯೂ ಬರಲಿಲ್ಲ, ಹಾಗಾಗಿ ಇವತ್ತು ಇದನ್ನು ಬರೆಯುತ್ತಿದ್ದೇನೆ. ಮರುದಿನವೇ ಆ ಸ್ಪ್ರಿಂಗ್ ತೆಗೆಸಿದೆ.

ಅಲ್ಲಿ ಆದದ್ದು ಇಷ್ಟು. ತಿರುವಿನಲ್ಲಿ ಒಳಗಿನ ಚಕ್ರದ ಭಾರ ಹೊರಗಿನದಕ್ಕೆ ಹೋಗುತ್ತದೆ. ಮುಂದೆ ಹಿಂದೆ ಎರಡರಲ್ಲಿ ಯಾವುದು ಹೆಚ್ಚು ಗಟ್ಟಿಯೋ ಅಲ್ಲಿ ಈ ಭಾರ ಹೆಚ್ಚು ಸಾಗುತ್ತದೆ, ಅಲ್ಲೇ ಹಿಡಿತ ಮೊದಲು ಸೋಲುತ್ತದೆ. ಮುಂದೆ ಗಟ್ಟಿ ಮಾಡಿದರೆ ಮೂಗು ತಿರುಗುವುದಿಲ್ಲ, ಸೀದಾ ಹೋಗುತ್ತದೆ. ಹಿಂದೆ ಗಟ್ಟಿ ಮಾಡಿದರೆ ಮೂಗು ಚೆನ್ನಾಗಿ ತಿರುಗುತ್ತದೆ, ಆದರೆ ಆ್ಯಕ್ಸಿಲರೇಟರ್ ಬಿಟ್ಟಾಗ ಬಾಲ ತಿರುಗುತ್ತದೆ. 1984ರ ಪ್ಯೂಜೋ 205 ಜಿಟಿಐ ಇದೇ ಗುಣಕ್ಕೆ ಹೆಸರಾಗಿತ್ತು, ನುರಿತವರಿಗೆ ಅದು ಖುಷಿ, ಹೊಸಬರಿಗೆ ಅಪಾಯ. ನಿಮ್ಮ ಕಿಟ್‌ನ 6 ಮತ್ತು 4ರ ಜೋಡಿ ಮುಂದೆ ಗಟ್ಟಿ ಇರುವ ಜೋಡಿ. ಅದು ಬಾಲ ತಿರುಗಿಸುವುದಿಲ್ಲ. ಆದರೆ ನೀವು ಬಯಸಿದ ಚುರುಕೂ ಬರುವುದಿಲ್ಲ. ಮೂಗು ಭಾರವಾಗಿ ಹೊರಗೆ ತಳ್ಳುತ್ತದೆ. 2 ಹರ್ಟ್ಜ್ ಕುಲುಕಾಟ ಸಹಿಸಿ ಇದನ್ನು ಪಡೆಯುವುದು ನನಗೆ ಸರಿ ಕಾಣುವುದಿಲ್ಲ. ನುಣುಪು ಟ್ರ್ಯಾಕ್‌ನಲ್ಲೇ ಓಡಿಸುವವರಾಗಿದ್ದರೆ ನನ್ನ ಮಾತು ಬೇರೆ ಇರುತ್ತಿತ್ತು. ನೀವು ದಿನಾ ಟಿಳಕವಾಡಿಯ ರೈಲ್ವೆ ಗೇಟ್ ದಾಟುವವರು.

ಹಾಗಾದರೆ ಏನು ಮಾಡಬೇಕು? ಮೊದಲು ನಾಲ್ಕೂ ಶಾಕಪ್ ಬದಲಿಸಿ. ಮೂಲ ಎತ್ತರಕ್ಕೆ ಮಾಡಿದ ಒಳ್ಳೆಯ ಶಾಕಪ್ ತೆಗೆದುಕೊಳ್ಳಿ. ಬಿಲ್‌ಸ್ಟೈನ್‌ನವರಲ್ಲಿ ಬಿ6 ಅನ್ನುವುದು ಮೂಲ ಎತ್ತರಕ್ಕೆ, ಬಿ8 ಅನ್ನುವುದು ಇಳಿಸಿದ ಗಾಡಿಗೆ ಗಿಡ್ಡ ಮಾಡಿದ್ದು. ಇವನ್ನು ಅದಲು ಬದಲು ಮಾಡಬೇಡಿ. ಅಂಥದ್ದಕ್ಕೆ ಕೈ ಎಟುಕದಿದ್ದರೆ ಕಂಪನಿಯ ಮೂಲ ಶಾಕಪ್ ಹೊಸದಾಗಿ ಹಾಕಿದರೂ ನಿಮ್ಮ ದೂರಿನಲ್ಲಿ ದೊಡ್ಡ ಪಾಲು ಹೋಗುತ್ತದೆ. ಜೊತೆಗೆ ಬಂಪ್ ರಬ್ಬರ್, ಸ್ಟ್ರಟ್ ಮೌಂಟ್, ಬಾರ್ ಲಿಂಕ್ ಹೊಸದು ಇರಲಿ. ಬಿಚ್ಚಿದಾಗಲೇ ಹಾಕಿದರೆ ಕೂಲಿ ಒಂದೇ.

ಹೀಗೆ ಒಂದು ತಿಂಗಳು ಓಡಿಸಿ. ಆಮೇಲೂ ತಿರುವಿನಲ್ಲಿ ವಾಲಿದ್ದು ಮನಸ್ಸಿಗೆ ಬಂದರೆ ಆಗ ಸ್ಪ್ರಿಂಗ್. ಮುಂದೆ 28ರಿಂದ 30 ನ್ಯೂಟನ್ ಸಾಕು, ಅದಕ್ಕಿಂತ ಮೇಲೆ ಹೋಗಬೇಡಿ. ಹಿಂದೆ ಕೂಡ ಅಷ್ಟೇ ಪಾಲು ಏರಿಸಿ, ನಾಲ್ಕು ಜನ ಕೂತಾಗಲೂ ಹಿಂದಿನದು ಮುಂದಿನದಕ್ಕಿಂತ ತೀರ ನಿಧಾನ ಆಗದ ಹಾಗೆ. ಇಳಿಸುವುದು 15 ಮಿ.ಮೀ. ಮೀರಬಾರದು. 15 ಇಳಿಸಿದರೆ 65 ಮಿ.ಮೀ. ಜಾಗ ಉಳಿಯುತ್ತದೆ, 30 ನ್ಯೂಟನ್ ಸ್ಪ್ರಿಂಗ್‌ಗೆ ಬೇಕಾದದ್ದು 70. ಆ ಐದನ್ನು ಹೊಸ ಬಂಪ್ ರಬ್ಬರ್ ಸಲೀಸಾಗಿ ನುಂಗಿಕೊಳ್ಳುತ್ತದೆ. ಹಾಗಾಗಿ ನಿಮ್ಮ ಮೊದಲನೇ ದಾರಿಯ ಗಟ್ಟಿತನ ಸರಿ, ಅದರ ಎತ್ತರ ತಪ್ಪು. ಅದೇ ಗಟ್ಟಿತನ, ಕಡಿಮೆ ಇಳಿತದ ಸ್ಪ್ರಿಂಗ್ ಹುಡುಕಿ.

ಕೊಳ್ಳುವ ಮೊದಲು ಒಂದು ಪ್ರಶ್ನೆ ಕೇಳಿ: 30 ನ್ಯೂಟನ್ ಅನ್ನುವುದು ಶುರುವಿನಲ್ಲೋ, ಕೊನೆಯಲ್ಲೋ? ಬಹಳಷ್ಟು ಲೋವರಿಂಗ್ ಸ್ಪ್ರಿಂಗ್‌ಗಳ ಸುತ್ತು ಒಂದು ಕಡೆ ಒತ್ತೊತ್ತಾಗಿ, ಇನ್ನೊಂದು ಕಡೆ ಬಿಡಿಬಿಡಿಯಾಗಿ ಇರುತ್ತದೆ. ಒತ್ತಿನ ಸುತ್ತುಗಳು ಮೊದಲು ಕೂಡಿಕೊಂಡು ಆಟದಿಂದ ಹೊರಗೆ ಹೋಗುತ್ತವೆ, ಉಳಿದವು ಗಟ್ಟಿಯಾಗುತ್ತವೆ. ಅಂಥ ಸ್ಪ್ರಿಂಗ್‌ಗೆ ಒಂದೇ ಅಂಕಿ ಇರುವುದಿಲ್ಲ. ಬೆಳಗಾವಿಯಲ್ಲಿ ಇರುವವರಿಗೆ ಇದನ್ನು ಅಳೆಯುವುದು ಕಷ್ಟ ಅಲ್ಲ. ಉದ್ಯಮಬಾಗ, ಮಚ್ಛೆ ಕಡೆ ಅಷ್ಟೊಂದು ವರ್ಕ್‌ಶಾಪ್‌ಗಳಿವೆ. ಸ್ಪ್ರಿಂಗ್ ಟೆಸ್ಟಿಂಗ್ ಮಷೀನ್ ಇರುವಲ್ಲಿ ಕೊಟ್ಟು 25, 50, 75, 100 ಮಿ.ಮೀ. ಒತ್ತಿಸಿ, ಪ್ರತಿ ಸಲ ಭಾರ ಬರೆದುಕೊಳ್ಳಿ. ಪ್ರತಿ 25ಕ್ಕೂ ಒಂದೇ ಸಮ ಏರಿದರೆ ನೇರ ಸ್ಪ್ರಿಂಗ್. ಏರಿಕೆ ಹೆಚ್ಚುತ್ತ ಹೋದರೆ ಬದಲಾಗುವ ಸ್ಪ್ರಿಂಗ್. ಗಾಡಿ ನಿಂತಾಗ ಎಷ್ಟು ಕುಗ್ಗಿರುತ್ತದೋ ಅದರ ಆಚೀಚಿನ ಅಂಕಿಯೇ ನಿಮಗೆ ಬೇಕಾದದ್ದು.

ಮನೆಯ ಮುಂದೆ ನೀವೇ ಬಿಚ್ಚಲು ಹೋಗಬೇಡಿ. 150 ಮಿ.ಮೀ. ಕುಗ್ಗಿದ ಮೂಲ ಸ್ಪ್ರಿಂಗ್‌ನಲ್ಲಿ 27 ಕೆ.ಜಿ. ಕಲ್ಲು ಒಂದು ಮೀಟರ್ ಮೇಲಿಂದ ಬಿದ್ದಷ್ಟು ಶಕ್ತಿ ಇರುತ್ತದೆ. ಕಂಪ್ರೆಸರ್ ಜಾರಿದರೆ ಅದೆಲ್ಲ ಕೈಗೋ ಮುಖಕ್ಕೋ ಬರುತ್ತದೆ. ಹಾಕಿಸಿದ ಮೇಲೆ ಅಲೈನ್‌ಮೆಂಟ್ ಮಾಡಿಸಿ, ಸಾವಿರ ಕಿ.ಮೀ. ಓಡಿ ಸ್ಪ್ರಿಂಗ್ ಕೂತ ಮೇಲೆ ಇನ್ನೊಮ್ಮೆ ನೋಡಿಸಿ. ಹೆಡ್‌ಲೈಟ್ ಎತ್ತರವೂ ಬದಲಾಗಿರುತ್ತದೆ, ಸರಿ ಮಾಡಿಸಿ. ವಿಮೆ ಕಂಪನಿಗೆ ಬರೆದು ತಿಳಿಸಿ.

ಇನ್ನೊಂದು ಮಾತು. ಇದಕ್ಕೆ ಹತ್ತು ರೂಪಾಯಿ ಖರ್ಚು, ಈ ವಾರವೇ ಮಾಡಬಹುದು. ಗ್ಯಾರೇಜಿನಲ್ಲಿ ಮುಂದಿನ ಸ್ಟ್ರಟ್‌ನ ಧೂಳು ಕವರ್ ಮೇಲೆ ಸರಿಸಿ, ಒಳಗಿನ ಹೊಳೆಯುವ ರಾಡ್‌ಗೆ ಒಂದು ಪ್ಲಾಸ್ಟಿಕ್ ಕೇಬಲ್ ಟೈ ಬಿಗಿದು ಕೆಳಗೆ ಒತ್ತಿ ಇಡಿಸಿ. ಹಿಂದಿನ ಶಾಕಪ್‌ಗೂ ಹಾಗೇ ಮಾಡಿಸಿ. ಅಪ್ಪ, ಅವ್ವ ಎಲ್ಲರನ್ನೂ ಕೂರಿಸಿಕೊಂಡು ಎಂದಿನ ವೇಗದಲ್ಲಿ ಮುಧೋಳಕ್ಕೆ ಹೋಗಿ ಬನ್ನಿ. ಶಾಕಪ್ ಕುಗ್ಗಿದಷ್ಟೂ ಟೈ ಮೇಲೆ ಸರಿಯುತ್ತದೆ, ಅಲ್ಲೇ ನಿಲ್ಲುತ್ತದೆ. ಅದು ಬಂಪ್ ರಬ್ಬರ್‌ನಿಂದ 20 ಮಿ.ಮೀ. ಕೆಳಗೇ ನಿಂತಿದ್ದರೆ ನಾನು ಹೇಳಿದ 15 ಇಳಿಸಲು ಜಾಗ ಇದೆ. ರಬ್ಬರ್‌ಗೆ ತಾಗಿ ನಿಂತಿದ್ದರೆ ಮೂಲ ಎತ್ತರದಲ್ಲೇ ಜಾಗ ಮುಗಿದಿದೆ. ಆಗ ಬರೀ ಶಾಕಪ್ ಬದಲಿಸಿ, ಗಾಡಿಯನ್ನು ಒಂದು ಮಿಲಿಮೀಟರ್ ಕೂಡ ಇಳಿಸಬೇಡಿ.